ತೊಳೆದ ಜಲ್ಲಿ

ಅಕ್ಕನ ಬೆರಳ ತುದಿಗಳಲ್ಲಿ ಗೆರೆಗಳೇ ಉಳಿದಿರಲಿಲ್ಲ. ವರ್ಷಗಟ್ಟಲೆ ಜಲ್ಲಿ ಕೆದಕಿ, ಜರಡಿಯ ಕಣ್ಣುಗಳಲ್ಲಿ ಸಿಕ್ಕಿಕೊಂಡ ಚೂರುಗಳನ್ನು ಕೈಯಿಂದಲೇ ಒತ್ತಿ ಬಿಡಿಸಿ ಚರ್ಮ ಸವೆದು ನಯವಾಗಿತ್ತು. ಹಾಜರಿಯ ಯಂತ್ರಕ್ಕೆ ಅವರ ಗುರುತೇ ಸಿಗುತ್ತಿರಲಿಲ್ಲ. ಪ್ರತಿದಿನ ಬೆಳಿಗ್ಗೆ ಹತ್ತೂ ಬೆರಳನ್ನು ಒಂದೊಂದಾಗಿ ಒತ್ತಿ ನೋಡಿ, ಕೊನೆಗೆ ಪುಸ್ತಕದಲ್ಲಿ ಸಹಿ ಹಾಕಿ ಒಳಗೆ ಬರುತ್ತಿದ್ದರು.

ಕಾಪುವಿನಿಂದ ಕಾರ್ಕಳದ ಕಡೆಗೆ ಹೋಗುವ ರಸ್ತೆಯೊಂದನ್ನು ಅಗಲ ಮಾಡುತ್ತಿದ್ದ ಕಾಲ. ನಮ್ಮ ತಗಡಿನ ಶೆಡ್ಡಿನ ಲ್ಯಾಬಿನಲ್ಲಿ ಜಲ್ಲಿ ಪರೀಕ್ಷೆ ಮಾಡುವವರು ಅವರು. ನಾನು ಘಟ್ಟದ ಮೇಲಿನವನು. ಮಣಿಪಾಲದಲ್ಲಿ ಓದು ಮುಗಿಸಿ ಅಲ್ಲಿ ಎಂಜಿನಿಯರ್ ಆಗಿ ಸೇರಿದ್ದೆ. ರಿಪೋರ್ಟಿಗೆ ಸಹಿ ಹಾಕುವವನು ನಾನು, ನನಗೆ ಕೆಲಸ ಕಲಿಸುವವರು ಅವರು. ಎಲ್ಲರಂತೆ ನಾನೂ ಅಕ್ಕ ಎಂದೇ ಕರೆಯುತ್ತಿದ್ದೆ. ಮನೆಯವರೊಡನೆ ಫೋನಿನಲ್ಲಿ ಅವರದು ಕೊಂಕಣಿ, ಟಿಪ್ಪರ್ ಚಾಲಕರೊಡನೆ ತುಳು, ನನ್ನೊಡನೆ ಮಾತ್ರ ಅಳೆದು ಆಡಿದಂಥ ಕನ್ನಡ.

ಡಾಂಬರಿನ ಅಡಿಗೆ ಹಾಕುವ ಪದರದಲ್ಲಿ ದಪ್ಪ ಕಲ್ಲು, ನಡುವಿನದು, ಸಣ್ಣದು ಎಲ್ಲವೂ ಇಷ್ಟಿಷ್ಟೇ ಇರಬೇಕು. ಪುಡಿ ಹೆಚ್ಚಾದರೆ ನೀರು ಇಳಿದಾಗ ಕೆಸರಾಗಿ ರಸ್ತೆ ಕುಸಿಯುತ್ತದೆ. ಅದನ್ನು ಜರಡಿಗಳಲ್ಲಿ ಸೋಸಿ, ತೂಗಿ ನೋಡುವುದೇ ನಮ್ಮ ಕೆಲಸ. ಮೊದಲ ದಿನ ನಾನು ರಾಶಿಯ ಮೇಲ್ಭಾಗದಿಂದ ಜಲ್ಲಿ ತುಂಬಿಕೊಂಡು ಬಂದಾಗ ಅವರು ಚೀಲವನ್ನು ಹಾಗೆಯೇ ಹಿಂದೆ ಕಳುಹಿಸಿದ್ದರು. "ದೊಡ್ಡದೆಲ್ಲ ಉರುಳಿ ಕೆಳಗೆ ಹೋಗಿರ್ತದೆ. ರಾಶಿಯ ಹೊಟ್ಟೆ ಅಗೆಯಿರಿ." ತೂಕ ಮಾಡುವಾಗ ಫ್ಯಾನ್ ಆರಿಸಿಬಿಡುತ್ತಿದ್ದರು. ಮೇ ತಿಂಗಳ ಮಧ್ಯಾಹ್ನ, ಕಾದ ತಗಡಿನ ಕೆಳಗೆ ಬೆವರಿಳಿಸುತ್ತಾ ನಾನು ಗೊಣಗಿದರೆ, "ಗಾಳಿ ತೂಗ್ಲಿಕ್ಕೆ ನಮಗೆ ಹೇಳ್ಲಿಲ್ಲ," ಎನ್ನುತ್ತಿದ್ದರು.

ಮಳೆಗಾಲ ಹೊಸ್ತಿಲಲ್ಲಿತ್ತು. ಅವರ ತಾಯಿಯನ್ನು ಮಣಿಪಾಲದ ಆಸ್ಪತ್ರೆಗೆ ಸೇರಿಸಿದ್ದರಿಂದ ಅವರು ಒಂದು ದಿನ ರಜೆ ಹಾಕಿದರು. ಅದೇ ದಿನ ಕಾರ್ಕಳದ ಕಡೆಯ ಹೊಸ ಕ್ರಷರ್ ಒಂದರಿಂದ ಜಲ್ಲಿ ಬಂತು. ನಮ್ಮ ಗುತ್ತಿಗೆ ಕಂಪನಿಯ ಮ್ಯಾನೇಜರ್ ಬಾಗಿಲಲ್ಲೇ ನಿಂತು, "ಮಳೆ ಇವತ್ತೋ ನಾಳೆಯೋ. ಸಂಜೆಯೊಳಗೆ ರಿಪೋರ್ಟ್ ಬೇಕು," ಎಂದರು. ಜಲ್ಲಿಯನ್ನು ತೊಳೆದು, ಒಣಗಿಸಿ, ಮತ್ತೆ ತೂಗಿದರೆ ಮಾತ್ರ ಅದಕ್ಕೆ ಅಂಟಿದ ಪುಡಿ ಲೆಕ್ಕಕ್ಕೆ ಬರುತ್ತದೆ. ನಾನು ತೊಳೆಯಲಿಲ್ಲ. ಒಣ ಜಲ್ಲಿಯನ್ನೇ ಜರಡಿ ಹಿಡಿದೆ. ಎಲ್ಲವೂ ಮಿತಿಯೊಳಗೆ ಬಂತು. ಸಹಿ ಹಾಕಿದೆ.

ಮರುದಿನ ಅಕ್ಕ ಬರುವಷ್ಟರಲ್ಲಿ ಆ ಜಲ್ಲಿ ಹೊತ್ತ ಟಿಪ್ಪರ್‌ಗಳು ರಸ್ತೆಯ ದೊಡ್ಡ ತಿರುವಿನತ್ತ ಓಡಾಡುತ್ತಿದ್ದವು. ತಟ್ಟೆಯಲ್ಲಿ ಉಳಿದಿದ್ದ ಜಲ್ಲಿಯಿಂದ ಒಂದು ಕಲ್ಲನ್ನೆತ್ತಿ ಹೆಬ್ಬೆರಳಿನಿಂದ ಉಜ್ಜಿದರು.

"ಇದನ್ನು ತೊಳೆದಿದ್ದೀರಾ?"

"ಇಲ್ಲ ಅಕ್ಕ. ಹೊತ್ತಿರಲಿಲ್ಲ."

ಅವರು ಬೈಯಲಿಲ್ಲ. ಆ ಜಲ್ಲಿಯನ್ನು ತೂಗಿ ನೀರಿಗೆ ಹಾಕಿದರು. ಅತಿ ಸಣ್ಣ ಕಣ್ಣಿನ ಜರಡಿಯ ಮೇಲೆ ಸುರಿದು ತೊಳೆದಂತೆ ಬೂದುಬಣ್ಣದ ನೀರು ಇಳಿಯುತ್ತಲೇ ಹೋಯಿತು. ನಾಲ್ಕನೇ ಸಲವೂ ತಿಳಿಯಾಗಲಿಲ್ಲ. ಗ್ಯಾಸ್ ಒಲೆಯ ಮೇಲೆ ಬಾಣಲೆಯಿಟ್ಟು ಅವರು ಜಲ್ಲಿ ಒಣಗಿಸುವಾಗ ಹೊರಗೆ ಒಂದೊಂದೇ ಟಿಪ್ಪರ್ ಹೋಗುತ್ತಿತ್ತು. ಪ್ರತಿಯೊಂದಕ್ಕೂ ಶೆಡ್ಡಿನ ತಗಡು ನಡುಗುತ್ತಿತ್ತು. ಕೊನೆಗೆ ಫ್ಯಾನ್ ಆರಿಸಿ ತೂಗಿದರು. ಪುಡಿ ಮಿತಿಯ ಹೆಚ್ಚುಕಡಿಮೆ ಎರಡು ಪಟ್ಟು ಇತ್ತು.

"ಇನ್ನು ಬರುವ ಲೋಡ್ ನಿಲ್ಲಿಸಿದರೆ ಸಾಕಲ್ವಾ ಅಕ್ಕ? ಹಾಕಿದ್ದು ಹಾಕಿಯಾಯ್ತು."

"ಹಾಕಿದ್ದರ ಮೇಲೆ ಬಸ್ಸು ಹೋಗ್ಲಿಕ್ಕೆ ಉಂಟು. ಅದೂ ಆ ತಿರುವಿನಲ್ಲಿ."

"ನನ್ನ ಕೆಲಸ ಹೋಗ್ತದೆ."

"ಹೋಗ್ಲೂಬಹುದು," ಎಂದರು. ಬಾಣಲೆ ಎತ್ತಿಕೊಂಡು, "ರೋಲರ್ ಇನ್ನೂ ಬರ್ಲಿಲ್ಲ, ಈಗಾದರೆ ಕೆರೆದು ತೆಗೀಬಹುದು. ನಾನು ಹೇಳುವ ಮೊದಲು ನೀವು ಹೇಳಿದರೆ ಒಳ್ಳೆಯದು. ಊಟದ ಹೊತ್ತಿನವರೆಗೆ ಕಾಯ್ತೇನೆ," ಎಂದು ಪಾತ್ರೆ ತೊಳೆಯಲು ಹೋದರು.

ಆ ರಸ್ತೆ ಕೆಲಸದ ಮೇಲ್ವಿಚಾರಣೆಗಿದ್ದ ಹಿರಿಯ ಎಂಜಿನಿಯರರ ನಂಬರನ್ನು ಎರಡು ಸಲ ಒತ್ತಿ ಎರಡು ಸಲವೂ ಕಟ್ ಮಾಡಿದೆ. ಮೂರನೆಯ ಸಲ ಅವರು ಎತ್ತಿದರು. "ಸರ್, ನಾನು ತೊಳೆಯದೆ ಸಹಿ ಹಾಕಿದ್ದೇನೆ," ಎಂದೆ. ಮುಂದೆ ಏನು ಹೇಳಿದೆನೋ ನೆನಪಿಲ್ಲ.

ಅರ್ಧ ಗಂಟೆಯಲ್ಲಿ ಅವರೂ ಬಂದರು, ಮ್ಯಾನೇಜರೂ ಬಂದರು. ಮ್ಯಾನೇಜರ್ ನನ್ನನ್ನು ಬಿಟ್ಟು ಅಕ್ಕನ ಮೇಲೆ ಹರಿಹಾಯ್ದರು. "ಪಾಸಾದ ಜಲ್ಲಿಯನ್ನು ಮತ್ತೆ ತೊಳೀಲಿಕ್ಕೆ ಯಾರು ಹೇಳಿದ್ದು ನಿಮಗೆ?"

"ನಾವು ಬಿಟ್ರೂ ಮಳೆ ತೊಳೀತದೆ ಸರ್," ಎಂದರು ಅಕ್ಕ. ದನಿ ಏರಲಿಲ್ಲ.

ರಸ್ತೆಗೆ ಹಾಕಿದ್ದರಿಂದಲೇ ಹೊಸ ಮಾದರಿ ತೆಗೆಯಬೇಕೆಂದು ಹಿರಿಯ ಎಂಜಿನಿಯರ್ ಹೇಳಿದರು. ಎಲ್ಲರ ಕಣ್ಣೆದುರೇ ಮತ್ತೆ ತೊಳೆದು, ಒಣಗಿಸಿ, ತೂಗಿದ್ದಾಯಿತು. ಕಡಲಿನ ಕಡೆಯಿಂದ ಮೋಡ ಏರಿ ಬರುತ್ತಿತ್ತು. ಫಲಿತಾಂಶ ಬದಲಾಗಲಿಲ್ಲ. ಮೊದಲ ಹನಿ ಬೀಳುವಾಗ ಜೆಸಿಬಿ ಆ ಜಲ್ಲಿಯನ್ನು ಕೆರೆದು ತೆಗೆಯುತ್ತಿತ್ತು.

ನನಗೆ ಎಚ್ಚರಿಕೆಯ ಪತ್ರ ಬಂತು, ಕೆಲಸ ಉಳಿಯಿತು. ಮ್ಯಾನೇಜರ್ ಆ ರಸ್ತೆ ಮುಗಿಯುವವರೆಗೂ ನನ್ನೊಡನೆ ಮಾತಾಡಲಿಲ್ಲ. ಆ ಸಂಜೆ ಅಕ್ಕ ತಮ್ಮ ಬುತ್ತಿಯನ್ನು ನನ್ನ ಮುಂದಿಟ್ಟು, "ತಿನ್ನಿ ಮಾರಾಯ್ರೆ, ಬೆಳಿಗ್ಗೆಯಿಂದ ಎಂತದೂ ತಿನ್ಲಿಲ್ಲ ನೀವು," ಎಂದರು. ನಾನು ತಿನ್ನುತ್ತಿದ್ದಾಗ ಬೇರೆಲ್ಲೋ ನೋಡುತ್ತಾ ಹೇಳಿದರು: "ನನಗೂ ಒಮ್ಮೆ ಹೀಗೇ ಆಗಿತ್ತು. ಆಗ ನಾನು ಹೇಳ್ಲಿಲ್ಲ. ಆ ರಸ್ತೆಯಲ್ಲಿ ಬಸ್ಸು ಹೋಗುವಾಗ ಇವತ್ತಿಗೂ ಕಣ್ಣು ಮುಚ್ಚಿ ಕೂರ್ತೇನೆ."

ಅಲ್ಲಿ ಏನಾಯಿತೆಂದು ನಾನು ಕೇಳಲಿಲ್ಲ. ಅವರೂ ಹೇಳಲಿಲ್ಲ.

ಕಳೆದ ವರ್ಷ ಅಕ್ಕ ತೀರಿಕೊಂಡರು. ಸುದ್ದಿ ತಿಳಿದು ನಾನು ಕಾಪು ತಲುಪುವಾಗ ಇಗರ್ಜಿಯಲ್ಲಿ ಪ್ರಾರ್ಥನೆ, ಮಣ್ಣು ಎಲ್ಲ ಮುಗಿದಿತ್ತು. ಮನೆಯಂಗಳದಲ್ಲಿ ಅವರ ಮಗಳು ನನ್ನ ಹೆಸರು ಕೇಳಿದ ಕೂಡಲೇ ಗುರುತು ಹಿಡಿದಳು. "ಜಲ್ಲಿಯ ತಪ್ಪು ಹಿಡಿದು ರಸ್ತೆ ಕೆಲಸ ನಿಲ್ಲಿಸಿದ ಎಂಜಿನಿಯರ್ ಅಲ್ವಾ? ಅಮ್ಮ ಯಾವಾಗಲೂ ನಿಮ್ಮ ಬಗ್ಗೆ ಹೇಳ್ತಿದ್ದರು."

"ಹಿಡಿದದ್ದು ನಿಮ್ಮ ಅಮ್ಮ," ಎಂದೆ. "ತಪ್ಪು ಸಹಿ ಹಾಕಿದ್ದು ನಾನು."

ಆ ದಿನ ನಡೆದದ್ದನ್ನೆಲ್ಲ ನಿಂತಲ್ಲೇ ಹೇಳಿದೆ. ಅವಳು ಕೇಳಿ ಮುಗಿಸಿ ಒಳಗೆ ಹೋದವಳು ತಮ್ಮನ ಕೈ ಹಿಡಿದು ಕರೆತಂದಳು.

"ಇವನಿಗೂ ಹೇಳಿ," ಎಂದಳು.

ನಾನು ಮೊದಲಿನಿಂದ ಶುರುಮಾಡಿದೆ.