ಹನುಮಕ್ಕ ಜೈಲು ಕೇಳಿದ ದಿನ

ಕೋವಿಡ್ ಹಾವಳಿ ಇಳಿದ ಮರುವರ್ಷ ನಾನು ಚಿತ್ರದುರ್ಗ ಜಿಲ್ಲೆಯಲ್ಲಿ ಪ್ರೊಬೇಷನ್ ಅಧಿಕಾರಿಯಾಗಿದ್ದೆ. ನಿವೃತ್ತಿಗೆ ಎರಡು ವರ್ಷವಷ್ಟೇ ಬಾಕಿ. ತಪ್ಪು ಮಾಡಿದವರನ್ನೆಲ್ಲ ಜೈಲಿಗೇ ಕಳಿಸಬೇಕಿಲ್ಲ ಎಂದು ನ್ಯಾಯಾಲಯಕ್ಕೆ ಅನ್ನಿಸಿದಾಗ ಆ ವ್ಯಕ್ತಿಯ ಮನೆ, ನಡತೆ, ಆರೋಗ್ಯ ವಿಚಾರಿಸಿ ವರದಿ ಕೊಡುವುದು, ಬಿಡುಗಡೆಯ ನಂತರ ಅವರ ಮೇಲೊಂದು ಕಣ್ಣಿಡುವುದು ನನ್ನ ಕೆಲಸ. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಕೋರ್ಟುಗಳಿಗೆ ಬಸ್ಸಿನಲ್ಲೇ ಓಡಾಡುತ್ತಿದ್ದೆ. ಅಲ್ಲಿಯವರೆಗಿನ ಇಪ್ಪತ್ತಾರು ವರ್ಷದ ಸೇವೆಯಲ್ಲಿ ಬರೆದ ವರದಿಗಳಿಗೆ ಲೆಕ್ಕವಿಲ್ಲ. ಬರೆಯಲು ಹಿಂಜರಿದದ್ದು ಆಮೇಲಿನ ಒಂದೇ ಒಂದನ್ನು.

ಹನುಮಕ್ಕನ ಫೈಲು ಹೊಳಲ್ಕೆರೆಯಿಂದ ಬಂತು. ವಯಸ್ಸು ನಲವತ್ತೊಂದು. ತಾಳ್ಯ ಕಡೆಯ ಒಂದು ಹಳ್ಳಿಯ ಶಾಲೆಯಲ್ಲಿ ಬಿಸಿಯೂಟದ ಅಡುಗೆಯವಳು. ಗಂಡ ಬಸಣ್ಣ ಕುರಿ ಸಾಕುತ್ತಿದ್ದ. ದೊಡ್ಡ ಪಾತ್ರೆಗಳನ್ನು ಎತ್ತಿ ಇಳಿಸಿ ಸೊಂಟ ಹಿಡಿದುಕೊಂಡಾಗ ಯಾರೋ ಟ್ರಮಡಾಲ್ ಎಂಬ ನೋವಿನ ಕ್ಯಾಪ್ಸೂಲ್ ಕೊಟ್ಟಿದ್ದರು. ಅದು ಅಫೀಮಿನಂತೆಯೇ ಕೆಲಸ ಮಾಡುವ, ವೈದ್ಯರ ಚೀಟಿ ಇಲ್ಲದೆ ಮಾರಬಾರದ ಔಷಧ. ದಿನಕ್ಕೆ ಒಂದಿದ್ದದ್ದು ಮೂರು ವರ್ಷದಲ್ಲಿ ಹತ್ತಕ್ಕೆ ಏರಿತ್ತು. ಅದನ್ನು ಕದ್ದುಮುಚ್ಚಿ ಮಾರುತ್ತಿದ್ದವನನ್ನು ಪೊಲೀಸರು ಹಿಡಿದ ದಿನ ಇವಳ ಚೀಲದಲ್ಲೂ ನಾಲ್ಕು ಸ್ಟ್ರಿಪ್ ಸಿಕ್ಕಿದವು. ಜಾಮೀನಿನ ಮೇಲೆ ಹೊರಬಂದಳು, ವಿಚಾರಣೆಯಲ್ಲಿ ತಪ್ಪೊಪ್ಪಿಕೊಂಡಳು. ಶಾಲೆಯವರು ಅಷ್ಟರಲ್ಲಾಗಲೇ ಬೇರೆ ಅಡುಗೆಯವಳನ್ನು ಗೊತ್ತು ಮಾಡಿದ್ದರು.

ಮಾದಕ ವಸ್ತು ಕಾಯ್ದೆಯ ಮೂವತ್ತೊಂಬತ್ತನೇ ಕಲಂ ಪ್ರಕಾರ, ಸಣ್ಣ ಪ್ರಮಾಣದೊಂದಿಗೆ ಸಿಕ್ಕ ವ್ಯಸನಿಯನ್ನು ಜೈಲಿನ ಬದಲು ಚಿಕಿತ್ಸೆಗೆ ಕಳಿಸಬಹುದು. ಆದರೆ ನಾನು ವಿಚಾರಿಸಿದ ವ್ಯಸನಮುಕ್ತಿ ಕೇಂದ್ರಗಳಲ್ಲಿ ಹೆಂಗಸರಿಗೆ ಹಾಸಿಗೆಯೇ ಇರಲಿಲ್ಲ. ನಾನು ಕಲಮನ್ನು ಮತ್ತೆ ಓದಿದೆ. ಸರ್ಕಾರ ನಡೆಸುವ ಯಾವುದೇ ಆಸ್ಪತ್ರೆಯೂ ಆಗಬಹುದಿತ್ತು. ಎರಡು ವಾರ ಬೆನ್ನು ಬಿದ್ದು ಚಿತ್ರದುರ್ಗದ ದೊಡ್ಡಾಸ್ಪತ್ರೆಯ ಮನೋವೈದ್ಯರ ವಾರ್ಡಿನಲ್ಲಿ ಒಂದು ಹಾಸಿಗೆ ಹೊಂದಿಸಿ, ಗೆದ್ದವಳಂತೆ ವರದಿ ಸಲ್ಲಿಸಿದೆ.

ತೀರ್ಪಿನ ದಿನ ನ್ಯಾಯಾಧೀಶರು ವರದಿ ಓದಿ, ಹನುಮಕ್ಕನ ಕಡೆ ತಿರುಗಿ, "ಚಿಕಿತ್ಸೆಗೆ ನಿಮ್ಮ ಒಪ್ಪಿಗೆ ಇದೆಯೇನಮ್ಮ?" ಎಂದರು.

"ಇಲ್ಲ ಸ್ವಾಮಿ. ನನ್ನ ಜೈಲಿಗೇ ಕಳಿಸ್ರಿ."

ನನಗೆ ಸಿಟ್ಟು ಬಂತು. ಒಪ್ಪಿಗೆಯಿಲ್ಲದೆ ಯಾರನ್ನೂ ಚಿಕಿತ್ಸೆಗೆ ಕಳಿಸುವಂತಿಲ್ಲ. ನ್ಯಾಯಾಧೀಶರು ಅವಳಿಗೆ ಯೋಚಿಸಲು ಒಂದು ವಾರ ಕಾಲ ಕೊಟ್ಟರು.

ಮರುದಿನವೇ ಅವಳ ಮನೆಗೆ ಹೋದೆ. ಸಿಟ್ಟು ಇನ್ನೂ ಇಳಿದಿರಲಿಲ್ಲ.

"ಬರ್ರಿ ಮೇಡಂ, ಕುಂತ್ಕಳ್ರಿ," ಎಂದು ಚಾಪೆ ಹಾಸಿದಳು. "ಕೇಸು ಅಂದ್ರೆ ಈ ಊರಾಗೆ ಮನಿಗೊಂದು ಐತೆ. ಬದುವಿಂದು, ಬಾವಿದು. ಜೈಲು ನೋಡಿ ಬಂದೋರೂ ಅವ್ರೆ, ಯಾರೂ ಏನೂ ಅನ್ನಲ್ಲ. ತಲೆ ಡಾಕ್ಟ್ರ ವಾರ್ಡ್ನಾಗೆ ಮಲಗಿದ್ಲು ಅಂದ್ರೆ ನನ್ ಮಗಳ್ನ ಯಾರು ಮಾಡ್ಕಂತಾರೆ? ಭರಮಸಾಗರದೋರು ನೋಡಿ ಒಪ್ಕಂಡು ಹೋಗ್ಯಾರೆ."

ಕ್ಯಾಪ್ಸೂಲ್ ಒಮ್ಮೆಲೇ ಬಿಟ್ಟರೆ ಜೈಲಿನಲ್ಲಿ ಮೈಕೈ ಹೇಗೆ ಹಿಂಡುತ್ತದೆ ಎಂದು ವಿವರಿಸಿದೆ. ತಲೆ ತಗ್ಗಿಸಿ ಕೇಳಿದಳು. ಕೊನೆಗೆ, "ಆ ಡಾಕ್ಟ್ರು ನನ್ ಸೊಂಟ ನೋಡ್ತಾರಾ?" ಎಂದಳು.

ನನ್ನ ವರದಿ ಒಂಬತ್ತು ಪುಟವಿತ್ತು. ಸೊಂಟದ ನೋವು ವ್ಯಸನಕ್ಕೆ ಕಾರಣವೆಂದು ಬರೆದಿದ್ದೆ. ಆ ನೋವು ಇನ್ನೂ ಇದೆಯೇ ಎಂದು ಕೇಳಿರಲಿಲ್ಲ.

ಮನೋವೈದ್ಯರ ಬಳಿ ಮತ್ತೆ ಹೋದೆ. ಅವರು ಸಣ್ಣ ವಯಸ್ಸಿನವರು, ನನಗಿಂತ ಬೇಗ ಅರ್ಥಮಾಡಿಕೊಂಡರು. "ಮೂಳೆ ವಿಭಾಗದ ಹೆಂಗಸರ ವಾರ್ಡಿಗೆ ಸೇರಿಸೋಣ. ಸೊಂಟಕ್ಕೂ ಚಿಕಿತ್ಸೆ ಆಗಬೇಕಲ್ಲ, ನಾನು ಅಲ್ಲಿಗೇ ಬಂದು ನೋಡ್ತೀನಿ," ಎಂದರು. ಹನುಮಕ್ಕ ಒಪ್ಪಿದಳು. ಕೋರ್ಟು ಆದೇಶಿಸಿತು, ಬಸಣ್ಣ ಜಾಮೀನುದಾರನಾಗಿ ಬಾಂಡಿಗೆ ಹೆಬ್ಬೆಟ್ಟು ಒತ್ತಿದ. ಮೊದಲ ಐದು ದಿನ ಅವಳು ಪಟ್ಟ ಯಾತನೆ ನೋಡಲಾಗುತ್ತಿರಲಿಲ್ಲ. ಮೂರು ವಾರಕ್ಕೆ ಮನೆಗೆ ಹೋದಳು. ವರ್ಷದೊಳಗೆ ಕೋರ್ಟಿಗೆ ಚಿಕಿತ್ಸೆಯ ಫಲಿತಾಂಶ ತಿಳಿಸಬೇಕಿತ್ತು.

ತಪ್ಪು ನಡೆದದ್ದು ಆಮೇಲೆ, ನನ್ನಿಂದ. ಅವಳು ಊರಲ್ಲೇ ಇದ್ದಾಳೆಂದು ದೃಢೀಕರಣ ಕೇಳಿ ಗ್ರಾಮ ಪಂಚಾಯಿತಿಗೆ ಪತ್ರ ಬರೆದೆ. ನಮೂನೆಯಲ್ಲಿದ್ದಂತೆ ವಿಷಯದ ಸಾಲು ಹೀಗಿತ್ತು: 'ಮಾದಕ ವ್ಯಸನಿ ಹನುಮಕ್ಕ ಕೋಂ ಬಸಣ್ಣ ಇವರ ಮನೋವೈದ್ಯಕೀಯ ಚಿಕಿತ್ಸೆ ಕುರಿತು.' ಓದಿ ಸಹಿ ಹಾಕಿದವಳು ನಾನೇ. ಪತ್ರ ಪಂಚಾಯಿತಿ ಮೇಜಿನ ಮೇಲೆ ಎರಡು ದಿನ ಬಿದ್ದಿತ್ತು. ಮೂರನೆಯ ದಿನಕ್ಕೆ ಊರೆಲ್ಲ ಓದಿದಂತಾಗಿತ್ತು. ತಿಂಗಳೊಳಗೆ ಭರಮಸಾಗರದವರು ಸಂಬಂಧ ಬೇಡವೆಂದು ಹೇಳಿ ಕಳಿಸಿದರು.

ಇದು ನನಗೆ ತಿಳಿದದ್ದು ಹನುಮಕ್ಕ ತಾನಾಗಿ ಚಿತ್ರದುರ್ಗಕ್ಕೆ ಬಂದು ನನ್ನ ಮುಂದೆ ಕೂತಾಗ. ಅವಳು ಅಳಲಿಲ್ಲ. "ಮೊನ್ನೆ ಎಲ್ಡು ನುಂಗೀನಿ ಮೇಡಂ. ಯಾರೂ ನೋಡಿಲ್ಲ. ನಾನೇ ಹೇಳಾಣ ಅಂತ ಬಂದೆ," ಎಂದಳು.

ಚಿಕಿತ್ಸೆ ಮುರಿದರೆ ಕೋರ್ಟು ಜೈಲು ಶಿಕ್ಷೆ ಕೊಡಬಹುದು. ಮುಚ್ಚಿಡುವ ಆಸೆ ನನಗಾಯಿತು. ಅವಳ ಮೇಲಿನ ಕರುಣೆಯಷ್ಟೇ ಅಲ್ಲ, ನನ್ನ ಪತ್ರವೂ ಅದರ ಜೊತೆ ಮುಚ್ಚಿಹೋಗುತ್ತಿತ್ತು.

"ಇದನ್ನ ಕೋರ್ಟಿಗೆ ಬರೀತೀರಾ?"

"ಬರೀಬೇಕಮ್ಮ."

"ಹಂಗಾರೆ ಪೂರಾ ಬರೀರಿ. ನಂದಷ್ಟೇ ಬರೀಬ್ಯಾಡ್ರಿ."

ಆ ವರದಿಯಲ್ಲಿ ಎರಡೇ ಪ್ಯಾರಾ ಇದ್ದವು. ಮೊದಲನೆಯದರಲ್ಲಿ ಅವಳು ನುಂಗಿದ ಎರಡು ಕ್ಯಾಪ್ಸೂಲ್, ತಾನಾಗಿ ಬಂದು ಹೇಳಿದ್ದು. ಎರಡನೆಯದರಲ್ಲಿ ನನ್ನ ಪತ್ರ, ಅದರ ವಿಷಯದ ಸಾಲು, ಅದರಿಂದ ಆದದ್ದು.

ನ್ಯಾಯಾಧೀಶರು ಓದಿ ಕನ್ನಡಕ ತೆಗೆದರು. "ಎರಡನೇ ಪ್ಯಾರಾ ಬೇಕೇಬೇಕಿತ್ತೇ?"

"ಬೇಕಿತ್ತು ಸ್ವಾಮಿ. ಅದಿಲ್ಲದಿದ್ದರೆ ಮೊದಲನೆಯದು ಅರ್ಧ ಸುಳ್ಳಾಗುತ್ತದೆ."

ವೈದ್ಯರ ಅಭಿಪ್ರಾಯ ತರಿಸಿಕೊಂಡು ಅವರು ಚಿಕಿತ್ಸೆ ಮುಂದುವರಿಸಲು ಆದೇಶಿಸಿದರು. ಮೇಲಧಿಕಾರಿಗಳಿಂದ ನನಗೆ ನೋಟಿಸ್ ಬಂತು. ಉತ್ತರದಲ್ಲಿ ತಪ್ಪು ಒಪ್ಪಿಕೊಂಡೆ. ಆ ಪತ್ರದ ನಮೂನೆ ಬದಲಾಯಿತು. ಈಗ ಲಕೋಟೆ ಮುಚ್ಚಿ, ರೋಗದ ಹೆಸರಿಲ್ಲದೆ ಹೋಗುತ್ತದೆ.

ಹನುಮಕ್ಕ ಮತ್ತೆ ಆ ಕ್ಯಾಪ್ಸೂಲ್ ಮುಟ್ಟಲಿಲ್ಲವೆಂದು ವೈದ್ಯರು ವರ್ಷದ ಕೊನೆಗೆ ಬರೆದುಕೊಟ್ಟರು. ನ್ಯಾಯಾಧೀಶರು ಬುದ್ಧಿ ಹೇಳಿ, ಎರಡು ವರ್ಷ ಮತ್ತೆ ತಪ್ಪು ಮಾಡುವುದಿಲ್ಲವೆಂಬ ಬಾಂಡ್ ಬರೆಸಿಕೊಂಡು ಅವಳನ್ನು ಬಿಟ್ಟರು. ಶಾಲೆಯ ಕೆಲಸ ಅವಳಿಗೆ ಸಿಗಲಿಲ್ಲ. ಮುರಿದ ಸಂಬಂಧವೂ ಕೂಡಲಿಲ್ಲ. ಕೋರ್ಟಿನ ಮೆಟ್ಟಿಲಿಳಿಯುವಾಗ ನಾನು ಕ್ಷಮೆ ಕೇಳಿದೆ. "ಆತು ಬಿಡ್ರಿ" ಎನ್ನುತ್ತಾಳೆ ಎಂದುಕೊಂಡಿದ್ದೆ. ಅವಳು ಬಸ್ಸಿಗೆ ನಡೆದಳು.

ಕಾಯ್ದೆಯಲ್ಲಿ 'ಒಪ್ಪಿಗೆ' ಎಂಬ ಒಂದು ಪದವಿದೆ. ಇಪ್ಪತ್ತಾರು ವರ್ಷ ನಾನು ಅದನ್ನು ಫಾರಂನ ಕೊನೆಯಲ್ಲಿ ಬೀಳುವ ಸಹಿ ಎಂದೇ ಓದಿದ್ದೆ. ನಿವೃತ್ತಿಯವರೆಗೆ ಉಳಿದ ಕಾಲವೆಲ್ಲ, ಯಾರ ಬಗ್ಗೆ ಏನೇ ಬರೆದರೂ ಮೊದಲು ಅವರ ಎದುರಿಗೇ ಓದಿ ಹೇಳುತ್ತಿದ್ದೆ. ಅವರು ಬೇಡವೆಂದ ಸಾಲು ಎಷ್ಟೋ ಇದ್ದವು. ಅಂಥ ಪ್ರತಿ ಸಾಲಿಗೂ, ಏಕೆ ಬೇಡ ಎಂದು ಕೇಳಿದ ಮೇಲೆಯೇ ಪೆನ್ನು ಕೈಗೆತ್ತಿಕೊಳ್ಳುತ್ತಿದ್ದೆ.