ಹೆಸರಿಲ್ಲದ ಚಾರ್ಟು

ಮೊನ್ನೆ ಸುರಪುರದ ಪುಸ್ತಕದಂಗಡಿಯಲ್ಲಿ ಮಗಳಿಗೆಂದು ಗ್ರಾಫ್ ಹಾಳೆ ಕೊಳ್ಳುತ್ತಿದ್ದೆ. ಆ ಹಸಿರು ಚೌಕಗಳ ಮೇಲೆ ಬೆರಳಾಡಿಸುತ್ತ ದುಡ್ಡು ಕೊಡುವುದನ್ನೂ ಮರೆತು ನಿಂತುಬಿಟ್ಟೆ. ನಿಮಗೂ ಹೀಗಾಗಿರಬಹುದು, ಮನುಷ್ಯ ಹಿಂದಕ್ಕೆ ಹೋಗಲು ಒಂದು ಹಾಳೆ ಸಾಕು.

ಆಗ ನಾನು ಶಹಾಪುರದ ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರ. ಮೊಬೈಲಿನಲ್ಲಿ ಶೇರು ವ್ಯಾಪಾರ ಕಲಿತ ಹೊಸದು. ಕಂಪನಿ ಏನು ಮಾಡುತ್ತದೆ ಎಂಬುದು ನನಗೆ ಬೇಕಿರಲಿಲ್ಲ. ಬೆಲೆಯ ಗೆರೆ ಏರಿಳಿದು ಮೂಡಿಸುವ ಆಕಾರ ಸಾಕಿತ್ತು. ನಡುವೆ ಎತ್ತರದ ಶಿಖರ, ಅಕ್ಕಪಕ್ಕ ಎರಡು ಗಿಡ್ಡ ಶಿಖರ ಬಂದರೆ ಅದು ತಲೆ ಮತ್ತು ಭುಜ, ಬೆಲೆ ಇನ್ನು ಬೀಳುತ್ತದೆ. ಬಟ್ಟಲಿನಂತೆ ತಗ್ಗಿ ಎದ್ದು ಪಕ್ಕದಲ್ಲೊಂದು ಹಿಡಿಕೆ ಮೂಡಿದರೆ ಏರುತ್ತದೆ. ನಾಲ್ಕೈದು ಸಲ ಹಾಗೆಯೇ ಆಗಿತ್ತು. ಆಗದೆ ಹೋದ ಸಲಗಳನ್ನು ನಾನು ನೆನಪಿಡುತ್ತಿರಲಿಲ್ಲ. ಬುದ್ಧ ಮಲಗಿದಂತೆ ಕಾಣುವ ಶಹಾಪುರದ ಗುಡ್ಡವನ್ನು ನೋಡಿದರೂ, ತಲೆ ಇದೆ, ಭುಜವಿದೆ, ಮಾರಬೇಕು ಎನ್ನಿಸುವಷ್ಟು ಹುಚ್ಚು ಹಿಡಿದಿತ್ತು.

ಕೊನೆಗೆ ನೌಕರಿ ಬಿಟ್ಟು ಶೇರಿನಲ್ಲೇ ಬದುಕುವೆನೆಂದು ರಾಜೀನಾಮೆ ಬರೆದು ಜೇಬಿನಲ್ಲಿಟ್ಟುಕೊಂಡೆ. ಮನೆಯಲ್ಲಿ ಹೇಳಿರಲಿಲ್ಲ. ಹೇಳಿದ್ದು ಗಣಿತ ಕಲಿಸುತ್ತಿದ್ದ ಸುಜಾತಾ ಮೇಡಂ ಅವರಿಗೆ ಮಾತ್ರ; ಭುಜ, ಬಟ್ಟಲುಗಳ ಲೆಕ್ಕವನ್ನೂ ವಿವರಿಸಿದ್ದೆ. ಹತ್ತಿಕುಣಿಯವರು, ತಾಯಿ ಕೂಲಿ ಮಾಡಿ ಓದಿಸಿದ ಮಗಳು. ನೌಕರಿ ಎಂದರೇನೆಂದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಆದರೂ ಬುದ್ಧಿ ಹೇಳಲಿಲ್ಲ.

"ಸೋಮವಾರ ತನಕ ಅದನ್ನ ಕಿಸೆದಾಗ ಇಡ್ರಿ ಸರ್," ಎಂದರು ಅಷ್ಟೇ.

ಸೋಮವಾರ ಊಟದ ಬಿಡುವಿನಲ್ಲಿ ಮೇಜಿನ ಮೇಲೆ ಒಂದು ಗ್ರಾಫ್ ಹಾಳೆ ಹಾಸಿದರು. ಪೆನ್ಸಿಲಿನ ಗೆರೆ, ಕಂಪನಿಯ ಹೆಸರಿಲ್ಲ. ಬಲಗಡೆಯ ಅರ್ಧವನ್ನು ಹಾಜರಿ ಪುಸ್ತಕ ಮುಚ್ಚಿತ್ತು.

"ಮುಂದ ಏನಾಗ್ತದ ಹೇಳ್ರಿ."

"ತಲಿ, ಎರಡು ಭುಜ, ಎಷ್ಟು ಸಾಫ್ ಬಂದಾವ ನೋಡ್ರಿ ಮೇಡಂ! ಇದು ಬೀಳ್ತದ. ಪಕ್ಕಾ," ಎಂದೆ.

ಪುಸ್ತಕ ಸರಿಸಿದರು. ಗೆರೆ ಹಾಳೆಯ ಅಂಚಿನವರೆಗೂ ಏರಿತ್ತು.

"ಯಾವ ಕಂಪನಿರಿ ಇದು?"

"ಕಂಪನಿ ಅಲ್ರಿ. ನಿನ್ನೆ ನಮ್ಮವ್ವ ಅಂಗಳದಾಗ ಕುಂತು ರೂಪಾಯಿ ಹಾರಿಸ್ಯಾಳ. ಸಿಂಹ ಬಿದ್ರ ಒಂದು ಚೌಕ ಮ್ಯಾಲ, ಅಂಕಿ ಬಿದ್ರ ಒಂದು ಚೌಕ ಕೆಳಗ. ನಾ ಗೆರಿ ಎಳದೀನಿ."

ನಿಮ್ಮ ಮುಂದೆ ಸುಳ್ಳೇಕೆ, ನನಗೆ ನಗು ಬರಲಿಲ್ಲ. ಮೈ ಉರಿಯಿತು. "ನನ್ನ ಮಶ್ಕಿರಿ ಮಾಡಾಕತ್ತೀರೇನ್ರಿ?" ಎಂದು ಎದ್ದು ಹೋದೆ. ಎಂಟು ದಿನ ಮಾತು ಬಿಟ್ಟೆ. ಆ ಎಂಟು ದಿನ ಹಟಕ್ಕೆ ಬಿದ್ದು ನಾನೇ ನಾಣ್ಯ ಹಾರಿಸಿದೆ. ಭುಜಗಳು ಬಂದವು, ಬಟ್ಟಲು ಬಂತು, ಹಿಡಿಕೆಯೂ ಬಂತು. ಆಮೇಲೆ ನನ್ನ ಹಳೆಯ ಕೊಳ್ಳುವಿಕೆ ಮಾರಾಟಗಳನ್ನೆಲ್ಲ, ತಪ್ಪಿದವನ್ನೂ ಸೇರಿಸಿ, ಹರಡಿಕೊಂಡು ನೋಡಿದೆ. ನಾಣ್ಯಕ್ಕಿಂತ ನಾನೇನೂ ಜಾಣನಿರಲಿಲ್ಲ. ರಾಜೀನಾಮೆ ಹರಿದೆ. ಮರುವರ್ಷ ಸುರಪುರಕ್ಕೆ ವರ್ಗವಾಯಿತು. ಮಾತೇನೋ ಎಂಟು ದಿನಕ್ಕೇ ಮತ್ತೆ ಶುರುವಾಗಿತ್ತು; ಆ ವಿಷಯವನ್ನು ಮಾತ್ರ ಇಬ್ಬರೂ ಎತ್ತಲಿಲ್ಲ.

ಅಂಗಡಿಯಿಂದ ಹೊರಬಂದವನೇ ಅವರಿಗೆ ಫೋನ್ ಮಾಡಿದೆ. ನಿವೃತ್ತರಾಗಿ ಈಗ ಯಾದಗಿರಿಯಲ್ಲಿದ್ದಾರೆ.

"ಮೇಡಂ, ಅವತ್ತು ನೀವು ನನ್ನ ಉಳಿಸಿದ್ರಿ. ಹೇಳೂದು ಭಾಳ ತಡಾ ಆಯ್ತು."

"ಖರೇ ಹೇಳ್ತೀನಿ ಸರ್, ಸಿಟ್ಟಾಗಬ್ಯಾಡ್ರಿ. ಅವತ್ತು ಅವ್ವ ಒಂದ ಹಾಳಿ ಅಲ್ಲ, ಹನ್ನೊಂದು ಹಾಳಿ ತುಂಬೂ ತನಕ ರೂಪಾಯಿ ಹಾರಿಸಿದ್ಳು. ನೀವು ತಪ್ಪು ಹೇಳೂವಂಥಾ ಗೆರಿ ಬರೂ ತನಕ ಬಿಡಲಿಲ್ಲ ಆಕಿ. ಸಂಜಿ ಮುಂದ ಹೆಬ್ಬಟ್ಟು ಬಾತಿತ್ತು."

ನಾನು ಒಮ್ಮೆಯೂ ನೋಡಿರದ ತಾಯಿ ಆಕೆ. ಬರುವ ಭಾನುವಾರದವರೆಗೆ ತಡೆಯಲಾಗಲಿಲ್ಲ. ಮರುದಿನ ಶಾಲೆ ಬಿಟ್ಟೊಡನೆ ಯಾದಗಿರಿಯ ಬಸ್ಸು ಹತ್ತಿದೆ. ಅವ್ವ ಮಗಳ ಮನೆಯ ಪಡಸಾಲೆಯಲ್ಲಿ ಕೂತಿದ್ದರು. ಯಾರೆಂದು ಮಗಳು ಹೇಳುತ್ತಲೇ ನನ್ನ ಕೈ ಹಿಡಿದುಕೊಂಡರು.

"ನೌಕರಿ ಅದ ಅಲ್ಲಪ್ಪ?"

"ಅದರಿ ಅವ್ವ," ಎಂದೆ. ಅವರ ಹೆಬ್ಬೆರಳನ್ನು ಕಣ್ಣಿಗೊತ್ತಿಕೊಂಡೆ.