ಕುಂಕುಮದ ಕೆಳಗಿನ ದೀಪ

ಮೊನ್ನೆ ಮೊಮ್ಮಗಳ ಹಳೆಯ ಬಟ್ಟೆಗಳನ್ನು ಬಿಸಿಲಿಗೆ ಹರವುತ್ತಿದ್ದಾಗ ಟ್ರಂಕಿನ ತಳದಲ್ಲಿ ಒಂದು ಹಳದಿ ಬಟ್ಟೆ ಸಿಕ್ಕಿತು. ಮೂಗಿಗೆ ಹಿಡಿದೆ. ಅತ್ತರಿನ ವಾಸನೆ ಇನ್ನೂ ಒಂದಿಷ್ಟು ಉಳಿದಿತ್ತು, ಅದರೊಳಗೆ ಬೆಚ್ಚಗಿನ ಕಬ್ಬಿಣದ್ದೂ... ಜಗಲಿಯ ಮೇಲೆ ಹಾಗೇ ಕುಳಿತುಬಿಟ್ಟೆ. ಕಂಪ್ಯೂಟರ್ ಸಾಬ್ರು ಬಂದು ಎದುರಿಗೆ ನಿಂತಂತಾಯಿತು.

ಆಗ ನಾನು ಶಿರಾದ ಒಂದು ಹೆರಿಗೆ ಆಸ್ಪತ್ರೆಯಲ್ಲಿ ನೆಲ ಒರೆಸುವ ಕೆಲಸಕ್ಕಿದ್ದೆ. ಕಳ್ಳಂಬೆಳ್ಳದಿಂದ ದಿನಾ ಬಸ್ಸು. ಅಲ್ಲೊಂದು ತಣ್ಣನೆಯ ಚಿಕ್ಕ ಕೋಣೆ, ಅದರೊಳಗೆ ಗುಂಯ್ ಅನ್ನುವ ಸರ್ವರ್ ಮಿಷಿನ್ನು. ಬಸುರಿಯರ ಸ್ಕ್ಯಾನಿಂಗ್ ಚಿತ್ರಗಳೆಲ್ಲ ಅದರ ಹೊಟ್ಟೆಯಲ್ಲಿ. ಅದನ್ನು ನೋಡಿಕೊಳ್ಳಲು ಸಾಬ್ರು ಬರುತ್ತಿದ್ದರು.

ಮಿಷಿನ್ನಿನಲ್ಲಿ ಎರಡು ಡಿಸ್ಕು, ಮೇಲೊಂದು, ಕೆಳಗೊಂದು. ಇವು ಅವಳಿ ಮಕ್ಕಳು, ಒಂದಕ್ಕೆ ಹೇಳಿದ್ದು ಇನ್ನೊಂದಕ್ಕೂ ಗೊತ್ತು ಎಂದು ಸಾಬ್ರು ಹೇಳಿಕೊಟ್ಟಿದ್ದರು. ಮಿಷಿನ್ನಿಗೆ ಆಗಾಗ ಪ್ಯಾಚ್ ಹಾಕಬೇಕಂತೆ, ನಾವು ಹರಿದ ಬಟ್ಟೆಗೆ ತೇಪೆ ಹಾಕುವ ಹಾಗೆ. ಹಾಕುವಾಗ ಏನಾದರೂ ಕೆಟ್ಟರೆ? ಅದಕ್ಕೆ ಮೊದಲೇ ಎರಡೂ ಗಟ್ಟಿಮುಟ್ಟಾಗಿವೆಯೇ ಎಂದು ನೋಡಿ, ಒಂದನ್ನು ಹೊರಗೆ ತೆಗೆದು, ಆ ಹಳದಿ ಬಟ್ಟೆಯಲ್ಲಿ ಸುತ್ತಿ ನನ್ನ ಮಡಿಲಲ್ಲಿಡುತ್ತಿದ್ದರು. ಕೆಲಸ ಮುಗಿಯುವವರೆಗೆ ನಾನು ಅಲ್ಲಾಡುವಂತಿರಲಿಲ್ಲ. ಬೆಚ್ಚಗಿರುತ್ತಿತ್ತು. ಊರೂರಿನ ಹುಟ್ಟದ ಕೂಸುಗಳೆಲ್ಲ ನನ್ನ ಮಡಿಲಲ್ಲೇ ಮಲಗಿವೆ ಅನ್ನಿಸಿ ಕಣ್ಣು ಮುಚ್ಚಿಕೊಳ್ಳುತ್ತಿತ್ತು...

ಆ ವರ್ಷದ ಆಯುಧಪೂಜೆಗೆ ಡಾಕ್ಟರಮ್ಮನ ತಾಯಿ ಬಂದು ಮಿಷಿನ್ನಿಗೂ ಹೂವೇರಿಸಿದರು. ಕುಂಕುಮ ಕಲಸಿ ಬೊಟ್ಟಿಟ್ಟರು, ಡಿಸ್ಕುಗಳ ಮುಂದೆ ಮಿನುಗುವ ಎರಡು ಪುಟ್ಟ ದೀಪಗಳ ಮೇಲೇ ಸರಿಯಾಗಿ. ಪೂಜೆಯ ಬೊಟ್ಟು ತಾನಾಗಿ ಉದುರಬೇಕು. ಯಾರೂ ಮುಟ್ಟಲಿಲ್ಲ.

ಅದಾದ ಕೆಲವೇ ದಿನಕ್ಕೆ ನನ್ನ ಮಗಳನ್ನು ಅಲ್ಲೇ ಸೇರಿಸಿದೆವು. ಎಂಟನೇ ತಿಂಗಳು. ಕೂಸು ಬೆಳೆಯುತ್ತಿಲ್ಲವೆಂದು ಡಾಕ್ಟರಮ್ಮನಿಗೆ ಅನುಮಾನ. ಹಿಂದಿನ ಸ್ಕ್ಯಾನು ಪಕ್ಕದಲ್ಲಿಟ್ಟು ನೋಡಿದರೆ ಮಾತ್ರ ಇವತ್ತೇ ತೆಗೆಯಬೇಕೋ ಕಾಯಬೇಕೋ ತಿಳಿಯುವುದು. ನಮ್ಮ ಕಾಗದಗಳ ಚೀಲ ಬಸ್ಸಿನಲ್ಲೇ ಹೋಗಿಬಿಟ್ಟಿತ್ತು. ಮಿಷಿನ್ನು ತಿಣುಕುತ್ತಿತ್ತು, ಚಿತ್ರ ತೆರೆಯುತ್ತಿರಲಿಲ್ಲ.

ಸಾಬ್ರು ಅಂದು ಬಂದದ್ದು ಪ್ಯಾಚಿಗೆ. ಪರದೆ ನೋಡಿ ಮುಖ ಸಣ್ಣದು ಮಾಡಿಕೊಂಡರು. ಅವಳಿಯಲ್ಲಿ ಒಂದು ಸೋತಿದೆ, ಅದನ್ನು ಬದಲಿಸದೆ ಪ್ಯಾಚಿನ ಮಾತೇ ಇಲ್ಲ ಎಂದರು. ಸೋತದ್ದು ಯಾವುದೆಂದು ದೀಪವೇ ಹೇಳಬೇಕು: ಹಸಿರಾದರೆ ಒಳ್ಳೆಯದು, ಕಿತ್ತಳೆಯಾದರೆ ಕೆಟ್ಟದ್ದು. ಒಳ್ಳೆಯದನ್ನು ಎಳೆದುಬಿಟ್ಟರೆ ಚಿತ್ರಗಳೆಲ್ಲ ಹೋದಂತೆಯೇ. ದೀಪದ ಮೇಲೆ ಕುಂಕುಮ ಒಣಗಿ ಕೂತಿತ್ತು.

ಡಾಕ್ಟರಮ್ಮ ಬಾಗಿಲಲ್ಲಿ ನಿಂತು, ಎರಡರಲ್ಲೊಂದು ತಾನೇ, ಎಳೀರಿ ಬೇಗ ಎಂದರು. ಸಾಬ್ರು ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡು ನನ್ನ ಕಡೆ ತಿರುಗಿದರು.

"ದೇವರ ಬೊಟ್ಟು ಅಮ್ಮಾ. ನಾನು ಒರೆಸಿದ್ರೆ ನಾಳೆ ಮಾತು ಬರುತ್ತೆ. ನೀವೇ ಒರೆಸಿ."

"ಪೂಜೆ ಮಾಡಿರೋದು ಕಣ್ರೀ ಸಾಬ್ರೇ, ಹೆಂಗ್ ಒರ್ಸಾದು" ಎಂದೆ.

"ಒಳಗಿರೋದು ನಿಮ್ಮ ಮೊಮ್ಮಗು. ದೇವರು ಕೋಪ ಮಾಡ್ಕೊಂಡ್ರೆ ನನ್ನ ಹೆಸರು ಹೇಳ್ಬಿಡಿ."

ಸೆರಗು ಒದ್ದೆ ಮಾಡಿ ಒರೆಸಿದೆ. ಮೇಲಿನದು ಹಸಿರು. ಕೆಳಗಿನದು ಕಿತ್ತಳೆ... ಸಾಬ್ರು ಬಿಸ್ಮಿಲ್ಲಾ ಎಂದು ಕೆಳಗಿನದನ್ನು ಎಳೆದು ಹೊಸ ಡಿಸ್ಕು ತೂರಿಸಿದರು. ಮೇಲಿನದು ತನಗೆ ಗೊತ್ತಿದ್ದನ್ನೆಲ್ಲ ಹೊಸದಕ್ಕೆ ಹೇಳಿಕೊಡಲು ಶುರುಮಾಡಿತು. ಸ್ವಲ್ಪ ಹೊತ್ತಿಗೆ ಚಿತ್ರ ತೆರೆಯಿತು. ಡಾಕ್ಟರಮ್ಮ ಹಳೆಯದನ್ನೂ ಹೊಸದನ್ನೂ ಜೊತೆಗಿಟ್ಟು ನೋಡಿ, ಕಾಯುವುದು ಬೇಡ ಎಂದರು.

ಸಾಯಂಕಾಲಕ್ಕೆ ಮೊಮ್ಮಗಳು ಬಂದಳು, ಅಳಿಲುಮರಿಯಷ್ಟು! ಅವಳಿ ಪೂರ್ತಿ ಜೋಡಿಯಾಗುವ ತನಕ ಪ್ಯಾಚ್ ಹಾಕಲ್ಲವೆಂದು ಸಾಬ್ರು ಇನ್ನೂ ಅಲ್ಲೇ ಕುಳಿತಿದ್ದರು. ಸುದ್ದಿ ಕೇಳಿ, ಪ್ಯಾಚ್ ಇನ್ನು ನಾಳೆಗೇ, ಇವತ್ತು ಇದಕ್ಕೆ ಬೇರೆ ಕೆಲಸವಿಲ್ಲ, ಕೂಸಿಗೆ ಸುತ್ತಿ ಎನ್ನುತ್ತ ಹಳದಿ ಬಟ್ಟೆಯನ್ನು ನನ್ನ ಕೈಗಿತ್ತರು. ಕೂಸನ್ನು ನೋಡಲು ಮಾತ್ರ ಒಳಗೆ ಬರಲಿಲ್ಲ. ಹೆಣ್ಣುಮಕ್ಕಳ ವಾರ್ಡು, ಕೂಸು ಸ್ವಲ್ಪ ಬೆಳೆಯಲಿ, ಆಮೇಲೆ ನೋಡುತ್ತೇನೆ ಎಂದರು.

ಮುಂದೆ ಒಂದು ಸಲ ಅವರ ಬದಲು ಬೇರೊಬ್ಬರು ಬಂದರು. ಸಾಬ್ರಿಗೆ ಎದೆನೋವು ಬಂದು ಹೋಗಿಬಿಟ್ಟರಂತೆ... ನಾನು ಕೋಣೆಯ ನೆಲವನ್ನು ಎರಡೆರಡು ಸಲ ಒರೆಸಿದೆ.

ಈಗ ಮೊಮ್ಮಗಳು ಶಾಲೆಗೆ ಹೋಗುತ್ತಾಳೆ. ಹೋದ ವಾರ ಓಟದಲ್ಲಿ ಎಲ್ಲರನ್ನೂ ಹಿಂದೆ ಹಾಕಿ ಬಂದಳು. ನನಗೆ ನೆಲದ ಮೇಲೆ ಕಾಲು ನಿಲ್ಲುತ್ತಿಲ್ಲ. ಹಾಲು ಹಾಕುವವರು, ಬಸ್ಸಿನ ಕಂಡಕ್ಟರು, ಸಿಕ್ಕವರನ್ನೆಲ್ಲ ನಿಲ್ಲಿಸಿ ಹೇಳುತ್ತಿದ್ದೇನೆ. ಎಲ್ಲರಿಗಿಂತ ಮೊದಲು ಹೇಳಬೇಕಾದವರೊಬ್ಬರು ಮಾತ್ರ ಇಲ್ಲ.